ವಿಕ್ಟೋರಿಯಾ ಎಂಬ ಹೆಸರು: ಲೇಮಿಂಗ್ ವರದಿಯ ಒಂದು ಓದು

ಸರ್ಕಾರಿ ತನಿಖಾ ವರದಿಯೊಂದನ್ನು ಸಾಹಿತ್ಯ ಬಳಗದಲ್ಲಿ ವಿಮರ್ಶೆಗೆ ಎತ್ತಿಕೊಳ್ಳುವುದು ತುಸು ವಿಚಿತ್ರವೆನಿಸೀತು. ಆದರೆ 2003ರ ಜನವರಿಯಲ್ಲಿ ಬ್ರಿಟನ್ನಿನಲ್ಲಿ ಹೊರಬಂದ ಲಾರ್ಡ್ ಲೇಮಿಂಗ್ ಅವರ ವರದಿ ಎಷ್ಟೋ ಕಾದಂಬರಿಗಳಿಗಿಂತ ಹೆಚ್ಚು ಮನಸ್ಸನ್ನು ಕಲಕುತ್ತದೆ.

ಐವರಿ ಕೋಸ್ಟ್‌ನ ವಿಕ್ಟೋರಿಯಾ ಕ್ಲಿಂಬಿಯೆಯನ್ನು ಓದಿಸುತ್ತೇನೆಂದು ಕರೆತಂದವಳು ಅವಳ ತಂದೆಯ ಸೋದರತ್ತೆ. ಲಂಡನ್ ಸೇರಿದ್ದು 1999ರ ಏಪ್ರಿಲ್‌ನಲ್ಲಿ. 2000ದ ಫೆಬ್ರವರಿ 25ರಂದು ಆ ಎಂಟು ವರ್ಷದ ಮಗು ತೀರಿಕೊಂಡಾಗ ಮೈಮೇಲೆ 128 ಗಾಯದ ಗುರುತುಗಳಿದ್ದವು. ಅತ್ತೆಗೂ ಆಕೆಯ ಗೆಳೆಯನಿಗೂ ಜೀವಾವಧಿ ಶಿಕ್ಷೆಯಾಯಿತು. ಲೇಮಿಂಗ್ ಕೇಳುವ ಪ್ರಶ್ನೆ ಬೇರೆ: ಇಷ್ಟು ಜನ ನೋಡಿಯೂ ಯಾರಿಗೂ ಕಾಣದೇ ಹೋದದ್ದು ಹೇಗೆ? ನಾಲ್ಕು ಕೌನ್ಸಿಲ್‌ಗಳ ಸೋಷಿಯಲ್ ಸರ್ವೀಸಸ್, ಎರಡು ಆಸ್ಪತ್ರೆ, ಎರಡು ಪೊಲೀಸ್ ತಂಡ. ಕಾಪಾಡುವ ಅವಕಾಶ ಕನಿಷ್ಠ 12 ಬಾರಿ ಬಂದಿತ್ತು.

ಕೆಳಗಿನವರ ಮೇಲೆ ಗೂಬೆ ಕೂರಿಸಿ ಕೈತೊಳೆದುಕೊಳ್ಳದಿರುವುದು ಈ ವರದಿಯ ದೊಡ್ಡ ಗುಣ. ಹ್ಯಾರಿಂಗೇಯ ಸೋಷಿಯಲ್ ವರ್ಕರ್ ಬಳಿ 19 ಕೇಸುಗಳಿದ್ದವು; ಅಲ್ಲಿನ ನಿಯಮದ ಮಿತಿ 12. ಏಳು ತಿಂಗಳಲ್ಲಿ ಆಕೆ ಮಗುವಿನೊಡನೆ ಕಳೆದದ್ದು ಒಟ್ಟು ಅರ್ಧ ಗಂಟೆಗೂ ಕಡಿಮೆ. ಅತ್ತೆಯೆದುರು ಮಗು ಸೆಟೆದು ನಿಲ್ಲುತ್ತಿದ್ದುದನ್ನು ಅವರ ಸಮುದಾಯದ ವಿಧೇಯತೆ ಎಂದುಕೊಂಡರು. 'ಅವರ ಸಂಸ್ಕೃತಿಯೇ ಹಾಗೆ' ಎಂಬ ಮಾತು ಕೇಳಿ ಅಭ್ಯಾಸವಿರುವ ನಮ್ಮಂಥ ವಲಸಿಗರು ಈ ಪುಟಗಳನ್ನು ನಿಧಾನವಾಗಿ ಓದಬೇಕು. ಹಣ, ಸಿಬ್ಬಂದಿ ಒದಗಿಸಬೇಕಿದ್ದ ಮೇಲಿನವರದೇ ದೊಡ್ಡ ತಪ್ಪೆಂದು ಲೇಮಿಂಗ್ ನೇರವಾಗಿ ಹೇಳುತ್ತಾರೆ.

ನನ್ನ ತಕರಾರಿರುವುದು ಶಿಫಾರಸುಗಳ ಬಗ್ಗೆ. ಎಣಿಸಿದರೆ ಸರಿಯಾಗಿ ಅಷ್ಟೋತ್ತರ, 108! ಮಗುವನ್ನು ಕಂಡು ಮಾತಾಡಿಸಬೇಕೆಂಬುದೂ ಅದರಲ್ಲಿದೆ. ಆದರೆ ಗಡುವು, ಕಡತ, ಪರಿಶೀಲನೆಗಳ ಸಾಲಿನಲ್ಲಿ ಅದು ಹತ್ತರಲ್ಲಿ ಹನ್ನೊಂದಾಗುತ್ತದೆ. ಸರ್ಕಾರ ಕೈಗೆತ್ತಿಕೊಂಡದ್ದೂ ಕಡತವನ್ನೇ. ಇಂಗ್ಲೆಂಡಿನ ಎಲ್ಲ ಮಕ್ಕಳ ವಿವರವಿರುವ 'ಕಾಂಟ್ಯಾಕ್ಟ್‌ಪಾಯಿಂಟ್' ಡೇಟಾಬೇಸನ್ನು 22.4 ಕೋಟಿ ಪೌಂಡ್ ಸುರಿದು ಕಟ್ಟಿ, 2009ರಲ್ಲಿ ತೆರೆದು, 2010ರಲ್ಲಿ ಮುಚ್ಚಿದರು. ಅದಕ್ಕೂ ಮೊದಲೇ, 2007ರಲ್ಲಿ, ಅದೇ ಹ್ಯಾರಿಂಗೇಯಲ್ಲಿ 17 ತಿಂಗಳ ಇನ್ನೊಂದು ಮಗು ಹಿಂಸೆಗೆ ಬಲಿಯಾಗಿತ್ತು. ಸೋಷಿಯಲ್ ವರ್ಕರ್‌ಗಳ ಹೊತ್ತೆಲ್ಲ ಫಾರಂ ತುಂಬುವುದರಲ್ಲೇ ಕಳೆಯುತ್ತಿದೆ ಎಂದು 2011ರಲ್ಲಿ ಪ್ರೊಫೆಸರ್ ಐಲೀನ್ ಮನ್ರೋ ವರದಿ ಕೊಟ್ಟರು.

ಸಾಫ್ಟ್‌ವೇರ್ ನನ್ನ ಅನ್ನದ ಕಸುಬು, ಅದನ್ನು ಹಳಿಯುತ್ತಿಲ್ಲ. ಆದರೆ ವಿಕ್ಟೋರಿಯಾ ಬಂದದ್ದು ಬೇರೊಂದು ಮಗುವಿನ ಹೆಸರಿನ ಪಾಸ್‌ಪೋರ್ಟಿನಲ್ಲಿ. ಇಲ್ಲಿ ಎಲ್ಲರಿಗೂ ಅವಳು 'ಆನಾ'. ಯಾವ ಕಂಪ್ಯೂಟರನ್ನು ಕೇಳಿದ್ದರೂ ಅದೇ ಹೆಸರು ಬರುತ್ತಿತ್ತು. ನಿಜ ಹೇಳಬಹುದಾಗಿದ್ದವಳು ಅವಳೊಬ್ಬಳೇ. ಅದಕ್ಕೆ ಅವಳ ಪಕ್ಕ ಕೂತು, ಅವಳಿಗೆ ಬರುವ ಫ್ರೆಂಚ್‌ನಲ್ಲಿ ಮಾತಾಡುವಷ್ಟು ಬಿಡುವು ಯಾರಿಗಾದರೂ ಇರಬೇಕಿತ್ತು.

ಲೇಮಿಂಗ್ ತಮ್ಮ ವರದಿಯುದ್ದಕ್ಕೂ ಅವಳನ್ನು ವಿಕ್ಟೋರಿಯಾ ಎಂದೇ ಕರೆಯುತ್ತಾರೆ. ಅಷ್ಟಕ್ಕಾದರೂ ಈ ವರದಿಯನ್ನು ಓದಿ.