ಬೊಮ್ಮ ಸಿಕ್ಕ, ಮೂಲದಾಳು ಎಲ್ಲಿ?

ದಾಸ ಅಂದಕೂಡಲೆ ಕನ್ನಡ ವಿಮರ್ಶೆಗೆ ಭಕ್ತಿ ನೆನಪಾಗುತ್ತದೆ. ತೊತ್ತು ಅಂದರೆ ವಿನಯ. ಚೆನ್ನಯ್ಯನ ಮನೆಯ ಆಳಿಗೂ ಕಕ್ಕಯ್ಯನ ಮನೆಯ ತೊತ್ತಿಗೂ ತನ್ನ ಹುಟ್ಟನ್ನು ಜೋಡಿಸಿಕೊಂಡ ಬಸವಣ್ಣನ ಧೈರ್ಯವನ್ನು ನಾವು ಮೇಷ್ಟ್ರುಗಳು ಉತ್ಸಾಹದಿಂದಲೇ ಪಾಠ ಮಾಡುತ್ತೇವೆ. ಆದರೆ ರೂಪಕವಾಗುವ ಮೊದಲು ತೊತ್ತು ಒಬ್ಬ ಹೆಣ್ಣಾಗಿದ್ದಳಲ್ಲ, ಅವಳನ್ನು ಯಾರು ಕೊಂಡರು, ಯಾರು ಮಾರಿದರು ಅಂತ ಕೇಳುವುದು ಅಪರೂಪ.

ಇದನ್ನು ಕೇಳಿದ ಕೆಲವರಲ್ಲಿ ಅಮಿತಾವ್ ಘೋಷ್ ಒಬ್ಬರು. 1148ರಲ್ಲಿ ಏಡನ್ನಿನ ವರ್ತಕ ಖಲಫ್ ಇಬ್ನ್ ಇಸ್ಹಾಕ್ ಮಂಗಳೂರಿನಲ್ಲಿದ್ದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜುಗೆ ಬರೆದ ಕಾಗದದಲ್ಲಿ ಅವನ ಗುಲಾಮನಿಗೂ ವಂದನೆ ತಿಳಿಸಿದ್ದಾನೆ. ಆ ಒಂದು ಸಾಲಿನ ಬೆನ್ನುಹತ್ತಿ, ಕೈರೋದ ಗೆನೀಜಾ ಪತ್ರಗಳನ್ನು ಹುಡುಕಿ ಘೋಷ್ ಬರೆದದ್ದು 'ಇನ್ ಆ್ಯನ್ ಆಂಟಿಕ್ ಲ್ಯಾಂಡ್' (1992). ಸ್ವರಗಳಿಲ್ಲದೆ ಬರೆದಿದ್ದ ಆ ಹೆಸರನ್ನು ಬಿ.ಎ. ವಿವೇಕ ರೈ ಅವರ ನೆರವಿನಿಂದ 'ಬೊಮ್ಮ' ಎಂದು ಓದಿಕೊಂಡರು. ಬೊಮ್ಮ ಏಡನ್ನಿಗೆ ಹೋಗಿದ್ದ, ಅಲ್ಲಿ ಕುಡಿದು ದುಡ್ಡಿಗಾಗಿ ಗಲಾಟೆ ಮಾಡಿದ್ದ. ಒಡೆಯನ ಗೆಳೆಯರ ದೂರಿನಿಂದಲೇ ಅವನು ನಮಗೆ ಮನುಷ್ಯನಾಗಿ ಕಾಣುತ್ತಾನೆ. ಆಶು ಎಂಬ ಹೆಣ್ಣು ಸಿಗುವುದು 1132ರ ಬಿಡುಗಡೆ ಪತ್ರದಲ್ಲಿ. ಬಿಡುಗಡೆಯ ಜೊತೆಗೇ ಅವಳ ಹೆಸರೂ ಬದಲಾಗಿ 'ಬೆರಾಖಾ' ಆಗುತ್ತದೆ.

ದೊಡ್ಡ ಕೆಲಸ, ಸಂಶಯವಿಲ್ಲ. ನನ್ನ ತಕರಾರು ಇರುವುದು ಘೋಷ್ ತಲುಪುವ ತೀರ್ಮಾನದ ಬಗ್ಗೆ. ಆ ಕಾಲದ ಗುಲಾಮಗಿರಿ ಬಹುಪಾಲು ಒಡೆಯ ಮತ್ತು ಶಿಷ್ಯನ ಸಂಬಂಧದಂಥದು ಎನ್ನುತ್ತ ಅವರು ವಚನಕಾರರ ದಾಸ್ಯದ ರೂಪಕವನ್ನೂ ಕರೆತರುತ್ತಾರೆ. ವರ್ತಕನ ದುಡ್ಡು ಹಿಡಿದು ಸಮುದ್ರ ದಾಟಿದವನಿಗೆ ಈ ಮಾತು ಒಪ್ಪೀತು. ಅದೇ ಮಂಗಳೂರಿನ ಹಿಂದಿನ ಗದ್ದೆಯಲ್ಲಿ ಉತ್ತವನಿಗೆ? ಬೊಮ್ಮ ಉಳಿದದ್ದು ಲೆಕ್ಕ ಬರೆಯುವವರ ನಡುವೆ ಓಡಾಡಿದ್ದರಿಂದ. ಗದ್ದೆಯಾಳಿಗೆ ಯಾರೂ ವಂದನೆ ಹೇಳಿ ಕಾಗದ ಬರೆಯಲಿಲ್ಲ. ಸಿಕ್ಕವನ ಬದುಕನ್ನು ಸಿಗದವನ ಮೇಲೆ ಹೊದಿಸಿದರೆ ಯಜಮಾನಿಕೆಗೆ ಪುಕ್ಕಟೆ ಕ್ಷಮೆ ದೊರಕಿಬಿಡುತ್ತದೆ.

ಆ ಗದ್ದೆಯಾಳಿನ ಸುಳಿವು ಬೇರೆ ದಾಖಲೆಗಳಲ್ಲಿದೆ. 1800–01ರಲ್ಲಿ ಈ ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಕೂಲಿಯಾಳು ಬೇರೆ, ಕೊಂಡು ತಂದ ಮೂಲದಾಳು ಬೇರೆ ಅಂತ ಬರೆದುಕೊಂಡ. ಮಲಬಾರಿನಲ್ಲಿ ಆಳನ್ನು ಮಾರಲು, ಒತ್ತೆಯಿಡಲು, ಬಾಡಿಗೆಗೆ ಕೊಡಲು ಜನ್ಮ, ಕಾಣ, ಪಾಟ ಎಂಬ ಮೂರು ಕ್ರಮ ಕಂಡ. ಮೂರೂ ಭೂಮಿಯ ಪದಗಳೇ! ಮನುಷ್ಯನನ್ನು ಹೊಲದ ಭಾಷೆಯಲ್ಲಿ ಬರೆದಿದ್ದಾರೆಂದರೆ ಹೆಸರು ಎಲ್ಲಿಂದ ಬರಬೇಕು?

1843ರ ಕಾಯಿದೆಯಿಂದ ಗುಲಾಮನ ಮೇಲಿನ ಹಕ್ಕನ್ನು ಕೋರ್ಟುಗಳು ಒಪ್ಪದಂತಾಯಿತು. 1860ರ ದಂಡಸಂಹಿತೆ ಮಾರಾಟವನ್ನೇ ಅಪರಾಧ ಮಾಡಿತು. ಆಮೇಲೆ? 1891ರ ಮದ್ರಾಸು ಜನಗಣತಿ ವರದಿ ದಕ್ಷಿಣ ಕನ್ನಡದಲ್ಲಿ ಎರಡು ಬಗೆಯ ಹೊಲೆಯರನ್ನು ಹೇಳುತ್ತದೆ: ವರ್ಗದ ಭೂಮಿಗೆ ವಂಶಪರಂಪರೆಯಾಗಿ ಅಂಟಿಕೊಂಡ ಮೂಲದವರು, ಸಾಲಕ್ಕೆ ಸಿಕ್ಕ ಸಾಲದವರು. ಕಾಯಿದೆ ಬಂದು ಅರ್ಧ ಶತಮಾನವಾಗುತ್ತ ಬಂದರೂ ಮೂಲದ ಹಗ್ಗ ಹಾಗೇ ಇತ್ತು, ಪಕ್ಕದಲ್ಲೇ ಸಾಲದ ಹಗ್ಗವೂ ಇತ್ತು. ಜೀತ ರದ್ದತಿ ಕಾಯಿದೆ ಬರಲು 1976 ಆಗಬೇಕಾಯಿತು. 'ಚೋಮನ ದುಡಿ'ಯನ್ನು (1933) ಭೂಮಿಯ ಹಂಬಲದ ದುರಂತವೆಂದು ಓದುವಾಗ, ಮಕ್ಕಳನ್ನು ಕಾಫಿತೋಟಕ್ಕೆ ಎಳೆಯುವ ಆ ಸಾಲವನ್ನು ಚೋಮನ ವಿಧಿ ಎನ್ನದೆ ಈ ಚರಿತ್ರೆಯ ಮುಂದರಿಕೆ ಎಂದು ಓದಬೇಕು.

ದಲಿತ ವಿಮರ್ಶೆಗೆ ಇಲ್ಲಿ ಕೆಲಸವಿದೆ. ದಾಖಲೆಯಲ್ಲಿ ನಮ್ಮವರಿಲ್ಲ ಎಂದು ಕೈಬಿಡುವುದು ಬೇಡ. ಅಡವು ಪತ್ರ, ಸಾಲದ ಚೀಟಿ, ಗುತ್ತುಮನೆಯ ಕಡತ ಸಿಕ್ಕರೆ ಕೇಳೋಣ: ಆಳಿಗೆ ಹೆಸರಿದೆಯೋ, ಬರೀ ಸಂಖ್ಯೆಯೋ? ಯಾವುದರ ಜೊತೆ ಎಣಿಸಿದ್ದಾರೆ? ಹೆಂಡತಿ, ಮಕ್ಕಳು ಯಾರ ಪಾಲಿಗೆ ಹೋದರು? ಬರೆದವನಿಗೆ ಏನು ಲಾಭ? ಪಕ್ಕದಲ್ಲೇ ಕೊರಗ ತನಿಯನ ಪಾಡ್ದನವನ್ನೂ ಇಟ್ಟುಕೊಳ್ಳೋಣ. ಅದು ಬರೀ ಜಾನಪದವೆಂದು ವಿಭಾಗ ಮಾಡಿಟ್ಟವರು ಯಾರು? ದೈವವಾಗುವ ಮೊದಲು ತನಿಯ ದುಡಿಯುವ ಹುಡುಗ. ಅವನ ದುಡಿಮೆಯನ್ನು ಹಾಡು ಮರೆತಿಲ್ಲ.

ವಿದ್ಯಾರ್ಥಿ ಗೆಳೆಯರಿಗೆ ಒಂದು ಮಾತು. ಇಂಥ ಕಾಗದ ಊರ ಹಳೇ ಮನೆಗಳ ಅಟ್ಟದಲ್ಲಿ ಗೆದ್ದಲು ಹಿಡಿಯುತ್ತಿರಬಹುದು. ಹಾಡು ಬಲ್ಲವರಿಗೆ ವಯಸ್ಸಾಗಿದೆ. ರೂಪಕದ ಚರ್ಚೆ ಆಮೇಲೂ ಮಾಡಬಹುದು, ಮೊದಲು ಇವನ್ನು ಬರೆದಿಟ್ಟುಕೊಳ್ಳಿ.