ರಾಕ್ಷಸರ ಕೂಟಚಿತ್ರಗಳು

ಅಮೆರಿಕದ ಯೂನಿವರ್ಸಲ್ ಕಂಪನಿಯವರು 1943ರಿಂದ ಹಳೆಯ ಭಯಾನಕ ಪಾತ್ರಗಳನ್ನು ಒಂದೇ ಚಿತ್ರದಲ್ಲಿ ಕೂಡಿಸತೊಡಗಿದರು. ಸಂಖ್ಯೆ ಹೆಚ್ಚಿದಷ್ಟೂ ಭಯ ಹೆಚ್ಚೀತೆಂಬ ಎಣಿಕೆಯಿರಬೇಕು, ಫಲವು ಹಾಗಾಗಲಿಲ್ಲ.

1944ರ ‘ಹೌಸ್ ಆಫ್ ಫ್ರಾಂಕೆನ್‌ಸ್ಟೈನ್’ ಚಿತ್ರದ ಡ್ರಾಕುಲಾ ಪೂರ್ವಭಾಗದಲ್ಲಿಯೇ ಸೂರ್ಯೋದಯಕ್ಕೆ ಸಿಕ್ಕಿ ಎಲುಬಾಗುತ್ತಾನೆ. ತೋಳಮಾನವನನ್ನಾಗಲಿ ಫ್ರಾಂಕೆನ್‌ಸ್ಟೈನನ ಕೃತಕಪುರುಷನನ್ನಾಗಲಿ ಕಾಣುವುದೇ ಇಲ್ಲ. ಇದನ್ನು ಕೂಟವೆನ್ನಬಹುದೆ? 1931ರಲ್ಲಿ ಕೃತಕಪುರುಷನಾಗಿ ಮಾತಿಲ್ಲದೆಯೇ ಮರುಕ ಹುಟ್ಟಿಸಿದ್ದ ಬೋರಿಸ್ ಕಾರ್ಲಾಫನು ಇಲ್ಲಿ ಹುಚ್ಚುವೈದ್ಯನಾಗಿದ್ದಾನೆ. ಹಳೆಯ ವೇಷವು ಗ್ಲೆನ್ ಸ್ಟ್ರೇಂಜನ ಪಾಲಾಗಿದೆ.

ಹಿಂದಿನ ವರ್ಷದ ‘ಫ್ರಾಂಕೆನ್‌ಸ್ಟೈನ್ ಮೀಟ್ಸ್ ದಿ ವುಲ್ಫ್ ಮ್ಯಾನ್’ ಚಿತ್ರದಲ್ಲಿ ಅದೇ ಪಾತ್ರವನ್ನು ಬೆಲಾ ಲುಗೋಸಿಯು ಕುರುಡನಂತೆ ಕೈಚಾಚಿ ಅಭಿನಯಿಸಿದನು. ಬಿಡುಗಡೆಗೆ ಮುನ್ನ ಅವನ ಮಾತುಗಳನ್ನೂ ಕುರುಡುತನದ ಪ್ರಸ್ತಾಪವನ್ನೂ ಕತ್ತರಿಸಿದರು. ಕಾರಣವು ಹೋಯಿತು, ತಡವರಿಕೆ ಉಳಿಯಿತು. ನಟನನ್ನು ಕಂಡು ನಕ್ಕವರಿಗೆ ಕತ್ತರಿಯ ಕೆಲಸವು ಕಾಣಲಿಲ್ಲ.

ಈ ಗದ್ದಲದಲ್ಲಿಯೂ ಕರುಣರಸಕ್ಕೆ ಎಡೆ ದೊರೆತಿರುವುದು ಕಿರಿಯ ಲಾನ್ ಚೇನಿಯ ಟಾಲ್ಬಟ್ ಪಾತ್ರದಲ್ಲಿ. ಹುಣ್ಣಿಮೆಗೆ ತೋಳನಾಗುವ ಈತನು ಬೇಡುವುದು ಮರಣವನ್ನೇ. 1944ರಲ್ಲಿ ಅವನನ್ನು ಪ್ರೀತಿಸಿದ ಇಲೋಂಕಾ ಬೆಳ್ಳಿಯ ಗುಂಡಿನಿಂದ ಅದನ್ನು ಕೊಟ್ಟು ತಾನೂ ಮಡಿಯುತ್ತಾಳೆ. ಚಿತ್ರದ ಉತ್ತಮ ದೃಶ್ಯವಿದೇ. ಮರುವರ್ಷದ ‘ಹೌಸ್ ಆಫ್ ಡ್ರಾಕುಲಾ’ದಲ್ಲಾದರೋ ಕಾರಣವನ್ನೇ ಹೇಳದೆ ಅವನನ್ನು ಎಬ್ಬಿಸಿ ತಂದಿದ್ದಾರೆ! ಆಕೆಯ ಬಲಿಯು ವ್ಯರ್ಥವಾಯಿತು.

1948ರಲ್ಲಿ ಆಬಟ್ ಮತ್ತು ಕಾಸ್ಟೆಲೊ ಎಂಬ ವಿನೋದಗಾರರ ಚಿತ್ರದಲ್ಲಿ ಇವರೆಲ್ಲರೂ ಮತ್ತೆ ಸೇರಿದರು. ಅಲ್ಲಿ ಲುಗೋಸಿಯು ಡ್ರಾಕುಲಾನಾಗಿ ಕಿಂಚಿತ್ತೂ ನಗದೆ ನಡೆದುಕೊಳ್ಳುತ್ತಾನೆ. ನಗಿಸಲೆಂದೇ ಮಾಡಿದ ಈ ಚಿತ್ರವು ಹೆದರಿಸಹೊರಟ ಹಿಂದಿನವುಗಳಿಗಿಂತ ಮೇಲಾಗಿದೆ.