ತೆಗೆಯುವುದು, ತೆಗೆಸಿಕೊಳ್ಳುವುದು

ಫೋಟೋದ ವಿಷಯದಲ್ಲಿ ನಮ್ಮ ಕನ್ನಡ ಬಹಳ ಜಾಣ ಭಾಷೆ. ಕ್ಯಾಮರಾ ಹಿಡಿದವನು ಫೋಟೋ ‘ತೆಗೆಯುತ್ತಾನೆ’. ಅದರ ಮುಂದೆ ಕೂತವಳು ಫೋಟೋ ‘ತೆಗೆಸಿಕೊಳ್ಳುತ್ತಾಳೆ’. ಈ ಎರಡನೆಯ ಮಾತಿನಲ್ಲಿ ಕೂತವಳಿಗೂ ಒಂದು ಇಚ್ಛೆಯಿದೆ, ಒಂದು ಪಾಲಿದೆ. ನಮ್ಮ ಅಮ್ಮಂದಿರ ಕಾಲದ ಸ್ಟುಡಿಯೋ ಚಿತ್ರಗಳನ್ನು ನೆನಪು ಮಾಡಿಕೊಳ್ಳಿ. ಮೊಗ್ಗಿನ ಜಡೆ ಹಾಕಿಸಿಕೊಂಡು, ಆ ಜಡೆಯೂ ಚಿತ್ರದಲ್ಲಿ ಬರಲೆಂದು ಬೆನ್ನ ಹಿಂದೆ ಕನ್ನಡಿ ಇರಿಸಿಕೊಂಡು, ಸೆರಗು ಸರಿಮಾಡಿಕೊಂಡು ಕುಳಿತ ಹುಡುಗಿಯರು! ಹೇಗೆ ಕಾಣಬೇಕು, ಎಷ್ಟು ನಗಬೇಕು ಎಂಬುದನ್ನು ಅವರೇ ನಿರ್ಧರಿಸುತ್ತಿದ್ದರು. ಅವರಲ್ಲದಿದ್ದರೆ ಪಕ್ಕದಲ್ಲಿ ನಿಂತ ಚಿಕ್ಕಮ್ಮನಾದರೂ ನಿರ್ಧರಿಸುತ್ತಿದ್ದಳು. ಚಿತ್ರದ ಒಂದು ಪ್ರತಿ ಮನೆಗೂ ಬರುತ್ತಿತ್ತು.

ಈಗ ನಮ್ಮ ಊರುಗಳ ಹೆಣ್ಣುಮಕ್ಕಳೂ ಹೊರದೇಶ ಕಾಣುತ್ತಿದ್ದಾರೆ. ಮಗನ ಮನೆಗೆಂದು ಅಮೆರಿಕಕ್ಕೆ, ಮಗಳ ಬಾಣಂತನಕ್ಕೆಂದು ಲಂಡನ್ನಿಗೆ, ಪ್ಯಾಕೇಜ್ ಟೂರಿನಲ್ಲಿ ಸಿಂಗಪುರಕ್ಕೆ ಹೋಗಿಬರುತ್ತಾರೆ. ಹಿಂದಿರುಗಿದ ಮೇಲೆ ಮೊಬೈಲು ಕೈಯಿಂದ ಕೈಗೆ ದಾಟುತ್ತದೆ. ಗೋಪುರ, ಸೇತುವೆ, ಹಿಮದ ನಡುವೆ ಕೆಲವು ಮುಖಗಳೂ ಬರುತ್ತವೆ: ಬೆಂಚಿನ ಮೇಲೆ ಕುಳಿತ ಮುದುಕ, ಹೂ ಮಾರುವವಳು, ಐಸ್‌ಕ್ರೀಮ್ ತಿನ್ನುವ ಮಗು. “ಇವರು ಯಾರು?” ಎಂದರೆ “ಯಾರೋ, ಚೆನ್ನಾಗಿ ಕಂಡರು, ತೆಗೆದೆ” ಎಂಬ ಉತ್ತರ. ಈ ‘ಯಾರೋ’ ಎಂಬ ಮಾತಿನ ಹಿಂದೆ ಏನೇನಿದೆ ಎಂದು ತಿಳಿಯಲು ಎರಡು ಪ್ರಸಿದ್ಧ ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬಹುದು. ಎರಡೂ ಪರದೇಶದಲ್ಲಿ ತೆಗೆದವು, ಎರಡರಲ್ಲೂ ಇರುವುದು ಹೆಣ್ಣು.

ಮೊದಲನೆಯದನ್ನು ನೀವು ನೋಡಿಯೇ ಇರುತ್ತೀರಿ. ಹರಿದ ಕೆಂಪು ಮೇಲುಹೊದಿಕೆ, ಹಸಿರು ಕಣ್ಣು, ನೇರ ನಮ್ಮನ್ನೇ ದಿಟ್ಟಿಸುವ ಹುಡುಗಿ. 1984ರಲ್ಲಿ ಪಾಕಿಸ್ತಾನದ ಪೇಶಾವರದ ಬಳಿಯ ನಾಸಿರ್ ಬಾಗ್ ನಿರಾಶ್ರಿತರ ಶಿಬಿರದಲ್ಲಿ, ಡೇರೆಯೊಂದರಲ್ಲಿ ನಡೆಯುತ್ತಿದ್ದ ಶಾಲೆಯಲ್ಲಿ, ಅಮೆರಿಕದ ಸ್ಟೀವ್ ಮೆಕರಿ ತೆಗೆದ ಚಿತ್ರವಿದು. 1985ರ ಜೂನ್ ತಿಂಗಳ ‘ನ್ಯಾಷನಲ್ ಜಿಯಾಗ್ರಫಿಕ್’ ಪತ್ರಿಕೆಯ ಮುಖಪುಟಕ್ಕೆ ಬಂದು ಜಗತ್ತೆಲ್ಲ ಹರಡಿತು. ಆಫ್ಘನ್ ನಿರಾಶ್ರಿತೆಯೊಬ್ಬಳ ಭಯವನ್ನು ಈ ಕಣ್ಣುಗಳು ಹೇಳುತ್ತಿವೆ ಎಂಬರ್ಥದ ಸಾಲು ಮುಖಪುಟದ ಮೇಲಿತ್ತು. ಹುಡುಗಿಯ ಹೆಸರು ಮಾತ್ರ ಇರಲಿಲ್ಲ. ಯಾರೂ ಕೇಳಿ ಬರೆದಿಟ್ಟುಕೊಂಡಿರಲಿಲ್ಲ.

ಹದಿನೇಳು ವರ್ಷಗಳ ನಂತರ, 2002ರಲ್ಲಿ, ಪತ್ರಿಕೆಯವರು ಹುಡುಕಿಕೊಂಡು ಹೋದರು. ಸಿಕ್ಕ ಹೆಂಗಸು ಅವಳೇ ಹೌದೋ ಅಲ್ಲವೋ ಎಂದು ತಿಳಿಯಲು ಕಣ್ಣಿನ ಪಾಪೆಯ ಸುತ್ತಲಿನ ಗೆರೆಗಳನ್ನು ಹಳೆಯ ಚಿತ್ರದೊಡನೆ ಹೋಲಿಸಿದರು. ಹೆಸರು ಶರಬತ್ ಗುಲಾ. ಅಷ್ಟೂ ವರ್ಷ ಆಕೆ ತನ್ನ ಆ ಚಿತ್ರವನ್ನು ಕಂಡಿರಲಿಲ್ಲ! ನಮ್ಮ ಅಮ್ಮಂದಿರ ಕೈಗೆ ಬಂದ ಆ ಒಂದು ಪ್ರತಿ ಈಕೆಯ ಕೈಗೆ ಬರಲೇ ಇಲ್ಲ. ಫೋಟೋ ತೆಗೆದ ದಿನ ನೆನಪಿದೆಯೇ ಎಂದರೆ ನೆನಪಿತ್ತು. ನೆನಪಿದ್ದದ್ದು ಭಯವಲ್ಲ, ಸಿಟ್ಟು. ಅದಕ್ಕೆ ಮೊದಲು ಯಾರೂ ಅವಳ ಫೋಟೋ ತೆಗೆದಿರಲಿಲ್ಲ. ತೆಗೆದವನು ಪರಿಚಯವಿಲ್ಲದ ಗಂಡಸು.

ಹುಡುಗಿ ಒಪ್ಪಿಯೇ ಎದುರು ನಿಂತಿದ್ದಳು ಎಂಬುದು ಛಾಯಾಗ್ರಾಹಕರ ಕಡೆಯ ನೆನಪು. ಇರಬಹುದು, ಅದನ್ನು ಸುಳ್ಳೆನ್ನಲು ನನಗೆ ಕಾರಣವಿಲ್ಲ. ಆದರೆ ಊರು ಬಿಟ್ಟು ಬಂದು ಡೇರೆಯಲ್ಲಿರುವ ಹನ್ನೆರಡು ವರ್ಷದ ಹುಡುಗಿ, ದೂರದೇಶದ ದೊಡ್ಡ ಮನುಷ್ಯ ಬಂದು ಕೇಳಿದಾಗ, ಎಷ್ಟರಮಟ್ಟಿಗೆ ‘ಬೇಡ’ ಎನ್ನಬಲ್ಲಳು? ಮನೆಗೆ ಬಂದ ಹಿರಿಯರ ಮುಂದೆ ತಲೆತಗ್ಗಿಸಿ ‘ಹೂಂ’ ಎಂದು ಬೆಳೆದ ನಮಗೆ ಆ ಒಪ್ಪಿಗೆಯ ತೂಕ ಎಷ್ಟೆಂಬುದು ಗೊತ್ತು.

ಎರಡನೆಯ ಚಿತ್ರ ಇಟಲಿಯದು. 1951ರ ಆಗಸ್ಟ್, ಫ್ಲಾರೆನ್ಸ್ ನಗರ. ಇಪ್ಪತ್ತಮೂರು ವರ್ಷದ ಅಮೆರಿಕನ್ ಯುವತಿಯೊಬ್ಬಳು ಬೀದಿಯಲ್ಲಿ ಒಬ್ಬಳೇ ನಡೆದುಹೋಗುತ್ತಿದ್ದಾಳೆ. ಎರಡೂ ಕಡೆ ಹತ್ತು ಹದಿನೈದು ಗಂಡಸರು ಕಣ್ಣರಳಿಸಿ ನೋಡುತ್ತಿದ್ದಾರೆ. ಆಕೆ ನಿನಾಲೀ ಆ್ಯಲನ್. ಚಿತ್ರ ತೆಗೆದವರು ರೂತ್ ಆರ್ಕಿನ್, ಅವರಿಗೂ ಆಗಿನ್ನೂ ಮೂವತ್ತು ತುಂಬಿರಲಿಲ್ಲ. ಇಬ್ಬರೂ ಒಂಟಿಯಾಗಿ ಊರೂರು ತಿರುಗುತ್ತಿದ್ದವರು, ಒಂದೇ ಅಗ್ಗದ ಹೋಟೆಲಿನಲ್ಲಿ ಪರಿಚಯವಾದವರು. ಹೆಣ್ಣು ಒಬ್ಬಳೇ ಪ್ರಯಾಣ ಮಾಡಿದರೆ ಏನೇನಾಗುತ್ತದೆ ಎಂಬುದನ್ನೇ ಚಿತ್ರಗಳಲ್ಲಿ ಹೇಳೋಣ ಎಂದು ಮಾತಾಡಿಕೊಂಡು ಬೀದಿಗಿಳಿದರು. ಆ ಗಂಡಸರ ಸಾಲನ್ನು ನಿನಾಲೀ ಒಮ್ಮೆ ದಾಟಿದಳು, ಆರ್ಕಿನ್ ಕೇಳಿದರೆಂದು ಇನ್ನೊಮ್ಮೆ ದಾಟಿದಳು. ಕ್ಯಾಮರಾ ಕಡೆ ನೋಡಬೇಡಿರೆಂದು ಉಳಿದವರಿಗೆ ಹೇಳುವಂತೆ ಸ್ಕೂಟರಿನ ಮೇಲಿದ್ದವನಿಗೆ ಆರ್ಕಿನ್ ಸೂಚಿಸಿದ್ದರು.

ಈ ಚಿತ್ರ ನೋಡಿದ ಜನ ಏನೆಂದರು? ಪಾಪ, ಹುಡುಗಿ ಹೆದರಿದ್ದಾಳೆ, ಗಂಡಸರ ಕಾಟ ನೋಡಿ, ಎಂದರು. ಮುಂದೆ ಮದುವೆಯಾಗಿ ನಿನಾಲೀ ಕ್ರೇಗ್ ಆದ ಆಕೆ, 2018ರಲ್ಲಿ ತೊಂಬತ್ತರ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಇದನ್ನು ಒಪ್ಪಲಿಲ್ಲ. ತನಗೆ ಹೆದರಿಕೆಯೇ ಇರಲಿಲ್ಲ, ಅದು ತನ್ನ ಬಾಳಿನ ಬಹು ಸಂತೋಷದ ದಿನಗಳಲ್ಲೊಂದು ಎಂದೇ ಹೇಳುತ್ತ ಬಂದರು.

ಎಷ್ಟು ವಿಚಿತ್ರ ನೋಡಿ! ಎರಡು ಚಿತ್ರಗಳಲ್ಲೂ ಜಗತ್ತು ಓದಿದ್ದು ಭಯವನ್ನೇ. ಒಬ್ಬಳ ಮನಸ್ಸಿನಲ್ಲಿದ್ದದ್ದು ಸಿಟ್ಟು, ಇನ್ನೊಬ್ಬಳ ಮನಸ್ಸಿನಲ್ಲಿದ್ದದ್ದು ಖುಷಿ. ಮುಖವೇ ಎಲ್ಲವನ್ನೂ ಹೇಳುತ್ತದೆ ಎಂದು ನಾವು ನಂಬಿದ್ದೇವೆ. ಆದರೆ ಮುಖ ಸುಮ್ಮನಿರುತ್ತದೆ, ಹೇಳುವವರು ನಾವು. ಅದೂ ಹೆಣ್ಣಿನ ಮುಖವಾದರೆ ‘ಪಾಪ’ ಎಂಬ ಮಾತು ನಮ್ಮ ನಾಲಗೆಯ ತುದಿಯಲ್ಲೇ ಇರುತ್ತದೆ.

ಎರಡೂ ಕಡೆ ಜನ ತಪ್ಪಾಗಿಯೇ ಓದಿದರು, ನಿಜ. ಆದರೂ ಇಬ್ಬರ ಸ್ಥಿತಿ ಒಂದಲ್ಲ. ನಿನಾಲೀ ಚಿತ್ರ ತೆಗೆಸಿಕೊಂಡವಳು. ಅದರ ಕಥೆ ಆಕೆಗೆ ಗೊತ್ತಿತ್ತು, ತಪ್ಪು ಹೇಳಿದವರನ್ನು ಆರು ದಶಕ ತಿದ್ದುತ್ತಲೇ ಇರಲು ಆಕೆಗೆ ಬಾಯಿತ್ತು. ಶರಬತ್ ಗುಲಾಳ ಪರವಾಗಿ ಹದಿನೇಳು ವರ್ಷ ಮುಖಪುಟದ ಸಾಲೇ ಮಾತಾಡಿತು. ಆ ಪ್ರಸಿದ್ಧಿ ಮುಂದೆಯೂ ಆಕೆಯನ್ನು ಬಿಡಲಿಲ್ಲ. 2016ರಲ್ಲಿ ಸುಳ್ಳು ಗುರುತಿನ ಚೀಟಿ ಹೊಂದಿದ್ದಾಳೆಂದು ಪೇಶಾವರದಲ್ಲಿ ಬಂಧನವಾಯಿತು, ಹದಿನೈದು ದಿನಗಳ ಸೆರೆ, ಆಮೇಲೆ ಗಡೀಪಾರು. ಅಂಥ ಚೀಟಿಯಿದ್ದ ನಿರಾಶ್ರಿತರು ಇನ್ನೂ ಎಷ್ಟೋ ಮಂದಿಯಿದ್ದರು. ಜಗತ್ತಿಗೆಲ್ಲ ಗೊತ್ತಿದ್ದ ಮುಖ ಈಕೆಯದು. ಪತ್ರಿಕೆಯವರು ಆಫ್ಘನ್ ಹುಡುಗಿಯರ ಓದಿಗೆಂದು ನಿಧಿಯೊಂದನ್ನು ತೆರೆದದ್ದನ್ನೂ, 2021ರಲ್ಲಿ ಇಟಲಿ ಸರ್ಕಾರ ಈಕೆಯನ್ನು ಕಾಬೂಲಿನಿಂದ ಕರೆಸಿಕೊಂಡು ಆಶ್ರಯ ಕೊಟ್ಟದ್ದನ್ನೂ ಮರೆಯಬಾರದು. ಚಿತ್ರದಿಂದ ಒಳ್ಳೆಯದೂ ಆಯಿತು. ಆದರೆ ಒಳ್ಳೆಯದು, ಕೆಟ್ಟದ್ದು ಎರಡೂ ಆಕೆಯನ್ನು ಕೇಳದೆಯೇ ಬಂದವು.

ಕೇಳಿಬಿಟ್ಟರೆ ಚಿತ್ರದ ಜೀವವೇ ಹೋಗುತ್ತದಲ್ಲ, ಎಂದು ಫೋಟೋ ಹುಚ್ಚಿನವರು ವಾದಿಸುತ್ತಾರೆ. ಈ ಮಾತಿನಲ್ಲಿ ಹುರುಳಿದೆ. ಎಲ್ಲರೂ ಕೈಕಟ್ಟಿ ನಿಂತರೆ ಅದು ಬೀದಿಯಾಗುವುದಿಲ್ಲ, ಶಾಲೆಯ ಗ್ರೂಪ್ ಫೋಟೋ ಆಗುತ್ತದೆ! ಬೀದಿಯ ಚಿತ್ರಗಳ ಗುರುವೆನಿಸಿದ ಫ್ರಾನ್ಸಿನ ಕಾರ್ತಿಯೇ-ಬ್ರೆಸೋನ್ ತಮ್ಮ ಪುಟ್ಟ ಲೈಕಾ ಕ್ಯಾಮರಾದ ಹೊಳೆಯುವ ಭಾಗಗಳಿಗೆ ಕಪ್ಪು ಪಟ್ಟಿ ಅಂಟಿಸಿಕೊಂಡು, ಯಾರ ಗಮನಕ್ಕೂ ಬಾರದಂತೆ ಓಡಾಡುತ್ತಿದ್ದರು. ಅವರ ಚಿತ್ರಗಳಿಲ್ಲದ ಜಗತ್ತು ಬಡವಾಗಿರುತ್ತಿತ್ತು, ಒಪ್ಪುತ್ತೇನೆ. ಆದರೆ ತಮ್ಮ ಫೋಟೋ ಯಾರಾದರೂ ತೆಗೆಯುವುದು ಅವರಿಗೆ ಸ್ವಲ್ಪವೂ ಹಿಡಿಸುತ್ತಿರಲಿಲ್ಲ! ಕ್ಯಾಮರಾದ ಮುಂದೆ ನಿಲ್ಲುವ ಸಂಕಟ ಅವರಿಗೂ ಗೊತ್ತಿತ್ತು ಎಂದಾಯಿತು.

ಫ್ಲಾರೆನ್ಸಿನ ಚಿತ್ರದಲ್ಲೂ ಈ ಪ್ರಶ್ನೆ ಪೂರ್ತಿ ಬಗೆಹರಿದಿಲ್ಲ. ನಿನಾಲೀಗೆ ಗೊತ್ತಿತ್ತು, ಸರಿ. ಆದರೆ ಆ ಗಂಡಸರಲ್ಲಿ ಎಷ್ಟು ಜನಕ್ಕೆ ತಾವು ಮುಂದಿನ ಎಪ್ಪತ್ತು ವರ್ಷ ಜಗತ್ತಿನ ಕಣ್ಣಿಗೆ ಪೋಕರಿಗಳಾಗಿ ನಿಲ್ಲುತ್ತೇವೆಂದು ಗೊತ್ತಿತ್ತು? ಹೆಣ್ಣಿನ ಪರ ನಿಂತ ಮಾತ್ರಕ್ಕೆ ಇದನ್ನು ಕೇಳದೆ ಬಿಡುವುದು ನ್ಯಾಯವಲ್ಲ.

ಜಪಾನಿನ ಕ್ಯೋಟೋ ನಗರದ ಗಿಯೋನ್ ಬಡಾವಣೆಯ ಕಥೆ ಇದನ್ನು ಇನ್ನೂ ಸ್ಪಷ್ಟ ಮಾಡುತ್ತದೆ. ಅಲ್ಲಿ ನೃತ್ಯ, ಸಂಗೀತ ಕಲಿಯುವ ‘ಮಾಯ್ಕೊ’ ಹುಡುಗಿಯರು ಸಂಜೆ ಅಲಂಕರಿಸಿಕೊಂಡು ಕೆಲಸಕ್ಕೆ ಹೊರಡುತ್ತಾರೆ. ನಾವು ಆಫೀಸಿಗೆ, ಶಾಲೆಗೆ ಹೊರಟ ಹಾಗೆಯೇ. ಪ್ರವಾಸಿಗಳು ಅವರ ಹಿಂದೆ ಓಡುವುದು, ದಾರಿ ಅಡ್ಡಗಟ್ಟುವುದು, ಕಿಮೋನೊ ಹಿಡಿದೆಳೆಯುವುದು ಹೆಚ್ಚಾಗಿ, 2019ರಲ್ಲಿ ಸ್ಥಳೀಯರು ಖಾಸಗಿ ಓಣಿಗಳಲ್ಲಿ ಫೋಟೋ ತೆಗೆದರೆ 10,000 ಯೆನ್ ತೆರಬೇಕಾದೀತೆಂದು ಫಲಕ ಹಾಕಿದರು. 2024ರಲ್ಲಿ ಕೆಲವು ಓಣಿಗಳಿಗೆ ಪ್ರವಾಸಿಗಳ ಪ್ರವೇಶವನ್ನೇ ನಿಲ್ಲಿಸಿದರು. ಅಲ್ಲಿಗೆ ಬಂದವರೆಲ್ಲ ಕೆಟ್ಟವರಲ್ಲ. ಮನೆಯಲ್ಲಿ ಮರ್ಯಾದಸ್ಥರೇ. ಊರು ಬಿಟ್ಟೊಡನೆ ಎದುರಿಗಿರುವ ಜನರೂ ‘ನೋಡಬೇಕಾದ ಸ್ಥಳ’ಗಳಾಗಿಬಿಡುತ್ತಾರೆ, ಅಷ್ಟೆ. ಹಂಪಿಯಲ್ಲಿ ಕನ್ನಡಿ ಹೊಲಿದ ಲಂಗ ತೊಟ್ಟ ಲಂಬಾಣಿ ಹೆಂಗಸಿನ ಮುಖದ ಹತ್ತಿರಕ್ಕೇ ಕ್ಯಾಮರಾ ಒಯ್ಯುವವರನ್ನು ಕಂಡಾಗ ನಮಗೆ ಆಗುವ ಇರಿಸುಮುರಿಸು ನಾವೇ ಪ್ರವಾಸಿಗಳಾದಾಗಲೂ ಜೊತೆಗಿರಬೇಕು.

ಹಾಗಾದರೆ ಹೊರದೇಶದಲ್ಲಿ ಜನರ ಫೋಟೋ ತೆಗೆಯಲೇಬಾರದೇ? ತೆಗೆಯಬೇಕು. ಸಂತೆಯಿಲ್ಲದ, ಮನುಷ್ಯರಿಲ್ಲದ ಊರಿನ ಚಿತ್ರ ಪೋಸ್ಟ್ ಕಾರ್ಡಿನಲ್ಲೂ ಸಿಗುತ್ತದೆ. ಇಡೀ ಬೀದಿಯ ಚಿತ್ರದಲ್ಲಿ ಹತ್ತು ಜನ ಬಂದರೆ ಯಾರ ಗಂಟೂ ಹೋಗುವುದಿಲ್ಲ. ಆದರೆ ಒಬ್ಬರ ಮುಖವೇ ಬೇಕೆಂದಾಗ, ಭಾಷೆ ಬಾರದಿದ್ದರೂ ಕ್ಯಾಮರಾ ತೋರಿಸಿ ಹುಬ್ಬೇರಿಸಿ ಕೇಳಬಹುದು. ತಲೆ ಅಲ್ಲಾಡಿಸಿದರೆ ಕೈ ಇಳಿಸಬಹುದು. ಒಪ್ಪಿದವರಿಗೆ ತೆಗೆದದ್ದನ್ನು ತೋರಿಸಬಹುದು, ಹೆಸರು ಕೇಳಿಕೊಳ್ಳಬಹುದು. ಮಕ್ಕಳಾದರೆ ತಾಯಿಯನ್ನು ಹುಡುಕಬೇಕು. ಬಾಗಿಲಿಗೂ ನಾವು ‘ತೆಗೆ’ ಎಂದೇ ಹೇಳುತ್ತೇವಲ್ಲವೇ? ಪರರ ಮನೆಯ ಬಾಗಿಲಾದರೆ ಮೊದಲು ಕೂಗಿ ಕರೆದು ನಿಲ್ಲುತ್ತೇವೆ. ಅಷ್ಟೇ ಶಿಷ್ಟಾಚಾರ ಇಲ್ಲಿಯೂ ಸಾಕು.

ಫ್ಲಾರೆನ್ಸಿನ ಆ ಚಿತ್ರವನ್ನು ನಾನು ನನ್ನ ಮನೆಯ ಗೋಡೆಗೆ ಹಾಕಿಕೊಳ್ಳಬಲ್ಲೆ. ನಾಸಿರ್ ಬಾಗಿನ ಚಿತ್ರವನ್ನು ಹಾಕಿಕೊಳ್ಳಲಾರೆ. ಅದು ಕೆಟ್ಟ ಚಿತ್ರವೆಂದಲ್ಲ. ಬೆಳಕು, ಬಣ್ಣ, ನೋಟ ಎಲ್ಲದರಲ್ಲೂ ಅದಕ್ಕೆ ಸಾಟಿ ಕಡಿಮೆ. ಆದರೆ ಸಿಟ್ಟಿನಿಂದ ನೋಡುತ್ತಿರುವ ಹುಡುಗಿಯನ್ನು ದಿನವೂ ಚೆಂದವೆಂದು ನೋಡುತ್ತ ಕೂರುವುದು ನನ್ನಿಂದಾಗದು.